ಕೈ ನಡುಗುವುದು ಉಪವಾಸದಿಂದಲೇ? ಮನೆಯವರು ಗುರುತಿಸಬೇಕಾದ ಮದ್ಯವ್ಯಸನದ ಮುನ್ಸೂಚನೆಗಳು

ಮದ್ಯ ಹರಾಮ್ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಮದ್ರಸಕ್ಕೆ ಹೋಗುವ ಮಗುವಿಗೂ ಅದು ಗೊತ್ತು. ಶ್ರೀರಂಗಪಟ್ಟಣದಿಂದ ರಾಜ್ಯವಾಳಿದ ಟಿಪ್ಪು ಸುಲ್ತಾನ್ ತನ್ನ ಕಾಲದಲ್ಲೇ ಮದ್ಯ ಮಾರಾಟವನ್ನು ನಿಷೇಧಿಸಿದ್ದನ್ನು ನಮ್ಮ ಭಾಷಣಗಾರರು ನೆನಪಿಸುತ್ತಲೇ ಇರುತ್ತಾರೆ. ಅದೆಲ್ಲ ಸರಿ. ಆದರೆ ಹರಾಮ್ ಎಂದು ತಿಳಿದಿದ್ದೂ ಕುಡಿತಕ್ಕೆ ಸಿಕ್ಕಿಕೊಂಡವರು ನಮ್ಮ ಮನೆಗಳಲ್ಲೂ ಇದ್ದಾರೆ ಎಂಬ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಮೌನದಿಂದಾಗಿ ಬೇರೆ ಮನೆಗಳಲ್ಲಿ ಎರಡು ವರ್ಷಕ್ಕೆ ತಿಳಿಯುವ ವಿಷಯ ನಮ್ಮಲ್ಲಿ ಹತ್ತು ವರ್ಷಕ್ಕೆ ತಿಳಿಯುತ್ತದೆ. ಅಷ್ಟರಲ್ಲಿ ಯಕೃತ್ತು ಹಾಳಾಗಿರುತ್ತದೆ, ಮನೆಯ ಚಿನ್ನ ಗಿರವಿಗೆ ಹೋಗಿರುತ್ತದೆ.

ನಮ್ಮಲ್ಲಿ ಕುಡಿಯುವವನು ತನ್ನ ಮೊಹಲ್ಲಾದ ಹತ್ತಿರದ ಬಾರಿಗೆ ಹೋಗುವುದು ಕಡಿಮೆ. ಶ್ರೀರಂಗಪಟ್ಟಣದವನು ಮೈಸೂರಿನಲ್ಲಿ ಮುಗಿಸಿಕೊಂಡು ಬರಬಹುದು. ಕೆ.ಆರ್. ಪೇಟೆಯವನು ಚನ್ನರಾಯಪಟ್ಟಣದ ಕಡೆ ಹೋಗಬಹುದು. ಕಬ್ಬಿನ ಲಾರಿ ಓಡಿಸುವವನು, ಎಳನೀರು ತುಂಬಿಸಿಕೊಂಡು ದೂರದ ಊರಿಗೆ ಹೋಗುವವನು ಮನೆಯಿಂದ ದೂರದಲ್ಲೇ ಕುಡಿದು, ಮಲಗಿ, ತಿಳಿಯಾದ ಮೇಲೆ ಮನೆಗೆ ಬರುತ್ತಾನೆ. 'ಮೈಕೈ ನೋವಿಗೆ ಒಂದು ನೈಂಟಿ' ಎಂದು ಶುರುವಾದದ್ದು ಕ್ವಾರ್ಟರಿಗೆ ಏರಿದ್ದು ಹೆಂಡತಿಗೆ ತಿಳಿಯುವುದೇ ಇಲ್ಲ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 2.9 ಕೋಟಿ ಜನ ಅದಿಲ್ಲದೆ ದಿನ ಕಳೆಯಲಾಗದ ಸ್ಥಿತಿಯಲ್ಲಿದ್ದಾರೆ. ಹೀಗೆ ವ್ಯಸನಕ್ಕೆ ಸಿಕ್ಕವರಲ್ಲಿ 38 ಜನರಿಗೆ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಎಲ್ಲಿದ್ದಾರೆ? ಮನೆಯಲ್ಲಿದ್ದಾರೆ. ಅವರನ್ನು ಮೊದಲು ಗುರುತಿಸಬೇಕಾದವರು ಮನೆಯವರೇ.

ಕಣ್ಣಿಗೆ ಬೀಳುವ ಮೊದಲ ಗುರುತುಗಳು

ಮರೆಮಾಚುವ ಮನೆಗಳಲ್ಲಿ ಮೊದಲು ಕಾಣುವುದು ಮದ್ಯದ ವಾಸನೆಯಲ್ಲ, ಅದನ್ನು ಮುಚ್ಚುವ ವಾಸನೆಗಳು. ಹಿಂದೆ ಇಲ್ಲದ ಅಭ್ಯಾಸವಾಗಿ ಏಲಕ್ಕಿ, ಸೋಂಪು, ಪಾನ್ ಮಸಾಲ ಸದಾ ಬಾಯಲ್ಲಿರುತ್ತವೆ. ರಾತ್ರಿ ಮನೆಗೆ ಬರುವಾಗಲೇ ಅತ್ತರ್ ಹಚ್ಚಿಕೊಂಡು ಬರುತ್ತಾರೆ. ಬಂದವರೇ ಮಕ್ಕಳ ಹತ್ತಿರ ಬಾರದೆ ನೇರ ಸ್ನಾನಕ್ಕೆ ಹೋಗುತ್ತಾರೆ, 'ಹೊರಗೆ ತಿಂದೆ' ಎಂದು ಊಟ ಬಿಡುತ್ತಾರೆ, ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಸ್ಕೂಟರಿನ ಡಿಕ್ಕಿಯಲ್ಲಿ, ಅಂಗಡಿಯ ಅಟ್ಟದ ಮೇಲೆ ಖಾಲಿ ಟೆಟ್ರಾ ಪ್ಯಾಕೆಟ್ ಸಿಗುತ್ತದೆ. ಕೇಳಿದರೆ 'ಯಾರೋ ಗೆಳೆಯನದು' ಎಂಬ ಉತ್ತರ. ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದುಕೊಂಡು ಗಂಡನನ್ನೋ ಮಗನನ್ನೋ ಕುಡುಕ ಎನ್ನಬಾರದು. ಏಲಕ್ಕಿ ತಿನ್ನುವವರೆಲ್ಲ ಕುಡಿಯುವುದಿಲ್ಲ. ನಾಲ್ಕೈದು ಒಟ್ಟಿಗೆ ಕಂಡರೆ, ಅದೂ ವಾರವಾರ ಹೆಚ್ಚುತ್ತಿದ್ದರೆ, ಗಮನಿಸಬೇಕು.

ಇಲ್ಲಿಯವರೆಗಿನದು ಕುಡಿತದ ಗುರುತು. ವ್ಯಸನದ ಗುರುತುಗಳು ಬೇರೆ. ವೈದ್ಯರು ನೋಡುವುದು ಮುಖ್ಯವಾಗಿ ಇವನ್ನು: ಕುಡಿಯಲೇಬೇಕೆಂಬ ತಡೆಯಲಾಗದ ಸೆಳೆತ, ಒಂದೇ ಎಂದು ಶುರು ಮಾಡಿ ನಿಲ್ಲಿಸಲಾಗದಿರುವುದು, ಮೊದಲಿನ ಮತ್ತಿಗೆ ಈಗ ಹೆಚ್ಚು ಬೇಕಾಗುವುದು, ಕುಡಿಯದಿದ್ದರೆ ಮೈಯಲ್ಲಿ ತೊಂದರೆ ಏಳುವುದು, ಉಳಿದ ಕೆಲಸ, ಸಂಬಂಧ, ಸಂತೋಷಗಳೆಲ್ಲ ಹಿಂದೆ ಸರಿಯುವುದು, ಹಾನಿಯಾಗುತ್ತಿದೆ ಎಂದು ತಿಳಿದೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ವ್ಯಸನ ಎಂಬ ಕಾಯಿಲೆ.

ಇದರಲ್ಲಿ ಮನೆಯವರು ತೀರಾ ತಪ್ಪಾಗಿ ತಿಳಿಯುವುದು ಮೂರನೆಯದನ್ನು. 'ನಮ್ಮವರು ಸ್ವಲ್ಪ ತೆಗೆದುಕೊಳ್ಳುತ್ತಾರೆ, ಆದರೆ ಒಂದು ದಿನವೂ ತೂರಾಡಿಲ್ಲ' ಎಂದು ಸಮಾಧಾನ ಪಡುವವರಿದ್ದಾರೆ. ಕ್ವಾರ್ಟರ್ ಕುಡಿದೂ ನೆಟ್ಟಗೆ ನಡೆದು ಬರುವವನ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿದೆ. ತೂರಾಡದಿರುವುದೇ ಅಲ್ಲಿ ಅಪಾಯದ ಗುರುತು.

'ನಾನು ಬರೀ ಬಿಯರ್' ಎಂಬ ಮಾತಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8 ಮದ್ಯಸಾರ ಇರುತ್ತದೆ. 180 ಮಿಲಿಯ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ, 90 ಮಿಲಿಯ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. ಶೇಕಡಾ 8ರ 'ಸ್ಟ್ರಾಂಗ್' ಬಿಯರಿನ 650 ಮಿಲಿ ಬಾಟಲಿಯಲ್ಲಿ ಇರುವುದು 40 ಗ್ರಾಂ. ಅಂದರೆ ಬರೀ ಬಿಯರ್ ಎಂದವನು ನೈಂಟಿ ಹಾಕಿದವನಿಗಿಂತ ಹೆಚ್ಚೇ ಕುಡಿದಿದ್ದಾನೆ. ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಬೆಳಗಿನ ಚಹಾ ಲೋಟ

ಇಷ್ಟರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಿ ಎಂದರೆ ನಾನು ಹೇಳುವುದು ಬೆಳಗಿನ ಹೊತ್ತಿನ ಗುರುತುಗಳನ್ನು. ಎದ್ದಾಗ ಕೈ ನಡುಗುತ್ತದೆ. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಹಲ್ಲುಜ್ಜುವಾಗ ಓಕರಿಕೆ. ಫ್ಯಾನಿನ ಕೆಳಗೂ ಬೆವರು, ಎದೆ ಬಡಿತ, ಕಾರಣವಿಲ್ಲದ ಸಿಡುಕು. ಹನ್ನೊಂದು ಗಂಟೆಗೆ ಹೊರಗೆ ಹೋಗಿ ಬಂದ ಮೇಲೆ ಇವೆಲ್ಲ ಮಾಯ, ಮನುಷ್ಯ ಶಾಂತ. ಹೀಗೆ ಬೆಳಿಗ್ಗೆ ಕುಡಿದ ಮೇಲೆಯೇ ಮೈ ಸರಿಹೋಗುತ್ತದೆ ಎಂದಾದರೆ ಅದು ಚಟದ ಹಂತ ದಾಟಿದೆ.

ಕಾರಣ ಇಷ್ಟು. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ದಿನವೂ ಕುಡಿಯುವವನ ಮಿದುಳು ಆ ಮಂಕನ್ನು ಮೀರಿ ಕೆಲಸ ಮಾಡಲು ತನ್ನ ವೇಗವನ್ನು ಏರಿಸಿಕೊಂಡಿರುತ್ತದೆ. ಕಬ್ಬು ತುಂಬಿದ ಗಾಡಿ ಏರು ಹತ್ತುವಾಗ ಎತ್ತುಗಳು ಮೈಯ ಬಲವನ್ನೆಲ್ಲ ಹಾಕಿ ಎಳೆಯುತ್ತಿರುತ್ತವಲ್ಲ, ಹಾಗೆ. ಆ ಹೊತ್ತಿನಲ್ಲಿ ಹಗ್ಗ ಕಡಿದು ಹೊರೆ ಕಳಚಿದರೆ ಎತ್ತು ಮುಂದಕ್ಕೆ ಮುಗ್ಗರಿಸಿ ಬೀಳುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಮಿದುಳಿಗೆ ಆಗುವುದೂ ಅದೇ. ಕೊನೆಯ ಗುಟುಕಿನಿಂದ ಆರೆಂಟು ಗಂಟೆಗೆ ನಡುಕ, ಬೆವರು, ನಿದ್ದೆಗೇಡು ಶುರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನಕ್ಕೆ ಕೆಲವರಲ್ಲಿ ಮನಸ್ಸು ಗೊಂದಲಗೊಳ್ಳುತ್ತದೆ: ಊರು ಯಾವುದು, ಹೊತ್ತು ಯಾವುದು ತಿಳಿಯುವುದಿಲ್ಲ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ದನಿ ಕೇಳುತ್ತದೆ, ಜ್ವರ ಏರುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಪ್ರಾಣವೇ ಹೋಗಬಹುದು. ಸಮಯಕ್ಕೆ ಆಸ್ಪತ್ರೆ ಸೇರಿದರೆ ಬಹುಪಾಲು ಜನ ಬದುಕುತ್ತಾರೆ.

ರಾಜ್ಯದ ಜನ ಇದನ್ನು 2020ರಲ್ಲಿ ಕಣ್ಣಾರೆ ಕಂಡರು. ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಶುರುವಾಗಿ ಮದ್ಯದಂಗಡಿಗಳು ಮುಚ್ಚಿದವು. ಕರ್ನಾಟಕದಲ್ಲಿ ಮತ್ತೆ ತೆರೆದದ್ದು ಮೇ 4ರಂದು. ಮುಚ್ಚಿದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಭ್ರಮೆಯ ಸ್ಥಿತಿಯಲ್ಲಿ ಬಂದ ಮದ್ಯವ್ಯಸನಿಗಳ ಸಂಖ್ಯೆ ಏರಿದ್ದನ್ನು ವೈದ್ಯರು ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಅಂಗಡಿ ಮುಚ್ಚಿದರೆ ಕುಡಿತ ನಿಲ್ಲುತ್ತದೆ, ಒಳ್ಳೆಯದೇ ಆಯಿತು ಎಂದು ಎಣಿಸಿದ್ದ ಎಷ್ಟೋ ಮನೆಗಳಿಗೆ, ನಿಲ್ಲಿಸುವುದಕ್ಕೂ ಒಂದು ಕ್ರಮ ಬೇಕು ಎಂಬುದು ಆಗ ತಿಳಿಯಿತು.

ನಮ್ಮ ಮನೆಗಳಲ್ಲಿ ಇಂಥ ಲಾಕ್‌ಡೌನ್ ಪ್ರತಿವರ್ಷ ಬರುತ್ತದೆ. ರಮಝಾನ್ ಚಂದ್ರದರ್ಶನವಾದ ರಾತ್ರಿ 'ನಾಳೆಯಿಂದ ಮುಟ್ಟುವುದಿಲ್ಲ' ಎಂದು ನಿಯ್ಯತ್ ಮಾಡುವವರು ಬಹಳ. ಅವರಲ್ಲಿ ಅಪರೂಪಕ್ಕೆ ಕುಡಿಯುತ್ತಿದ್ದವನು ತಿಂಗಳಿಡೀ ಆರಾಮವಾಗಿ ಇರುತ್ತಾನೆ. ಅವನಿಗೆ ಅದು ಬಿಡಲು ಒಳ್ಳೆಯ ಅವಕಾಶ. ದಿನಕ್ಕೆ ಒಂದೆರಡು ಕ್ವಾರ್ಟರ್ ಕುಡಿಯುತ್ತಿದ್ದವನಿಗೆ ಮಾತ್ರ ಮೊದಲ ರೋಝಾದ ಅಸರ್ ಹೊತ್ತಿಗೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ. ಮನೆಯವರು 'ಉಪವಾಸದ ಸುಸ್ತು' ಎನ್ನುತ್ತಾರೆ. ಉಪವಾಸದ ಸುಸ್ತು ಇಫ್ತಾರಿನಲ್ಲಿ ನೀರು, ಖರ್ಜೂರ, ಗಂಜಿ ಕುಡಿದ ಮೇಲೆ ಇಳಿಯಬೇಕು. ಇದು ಇಳಿಯುವುದಿಲ್ಲ, ರಾತ್ರಿಗೆ ಹೆಚ್ಚುತ್ತದೆ. ಇಫ್ತಾರಿನ ನಂತರವೂ ನಿಲ್ಲದ ನಡುಕ, ಎರಡು ರಾತ್ರಿ ಬಾರದ ನಿದ್ದೆ ಇದ್ದರೆ ಮೂರನೆಯ ದಿನಕ್ಕೆ ಕಾಯಬೇಡಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ರಕ್ತದ ಸಕ್ಕರೆ ಕುಸಿದರೂ ಹೀಗೆಯೇ ನಡುಕ, ಬೆವರು ಬರುತ್ತದೆ. ಆದ್ದರಿಂದ ಸಕ್ಕರೆ ಮಟ್ಟವನ್ನೂ ನೋಡಿಸಿ. ರೋಗಿಗೆ ರೋಝಾ ಬಿಟ್ಟು ಬೇರೆ ದಿನಗಳಲ್ಲಿ ತೀರಿಸುವ ರಿಯಾಯಿತಿ ಸೂರಃ ಅಲ್ ಬಕರದಲ್ಲಿಯೇ (2:184-185) ಇದೆ. ಚಿಕಿತ್ಸೆಯ ದಿನಗಳ ಬಗ್ಗೆ ವೈದ್ಯರನ್ನೂ, ನಂಬಿಕೆಯ ಒಬ್ಬ ಆಲಿಮರನ್ನೂ ಕೇಳಿ.

ಇದರಷ್ಟೇ ಅಪಾಯದ ಇನ್ನೊಂದು ಸಂದರ್ಭ ಬೈಕಿನಿಂದ ಬಿದ್ದೋ, ಹರ್ನಿಯಾ ಆಪರೇಷನ್ನಿಗೋ ಆಸ್ಪತ್ರೆಗೆ ಸೇರಿದಾಗ. ಡ್ಯೂಟಿ ಡಾಕ್ಟರು 'ಕುಡಿಯುವ ಅಭ್ಯಾಸ ಇದೆಯಾ?' ಎಂದು ಕೇಳುತ್ತಾರೆ. ಸುತ್ತ ನೆಂಟರು ನಿಂತಿರುತ್ತಾರೆ. 'ಇಲ್ಲ ಡಾಕ್ಟ್ರೇ, ನಮ್ಮಲ್ಲಿ ಅದೆಲ್ಲ ಇಲ್ಲ' ಎಂದು ಬಿಡುತ್ತಾರೆ. ಎರಡನೆಯ ರಾತ್ರಿ ರೋಗಿ ಹಾಸಿಗೆಯಿಂದೆದ್ದು ಸಲೈನ್ ಕಿತ್ತು ಕೂಗಾಡುತ್ತಾನೆ. ಯಾರೋ ಜಿನ್ ಮೆಟ್ಟಿದೆ ಎನ್ನುತ್ತಾರೆ, ಇನ್ಯಾರೋ ತಾವೀಝ್ ತರುತ್ತಾರೆ. ಕೆಲವರು ಡಿಸ್ಚಾರ್ಜ್ ಮಾಡಿಸಿಕೊಂಡು ಆಮಿಲರ ಬಳಿ ಕರೆದೊಯ್ಯುತ್ತಾರೆ. ಚಿಕಿತ್ಸೆ ಬೇಕಾದ ಆ ಗಂಟೆಗಳೇ ಹೀಗೆ ಕಳೆದುಹೋಗುತ್ತವೆ. ದುಆ ಮಾಡಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ರೋಗಿ ಆಸ್ಪತ್ರೆಯ ಹಾಸಿಗೆಯಲ್ಲೇ ಇರಲಿ. ನೆಂಟರ ಮುಂದೆ ಹೇಳಲಾಗದಿದ್ದರೆ ವೈದ್ಯರನ್ನು ಹೊರಗೆ ಕರೆದು, ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಯಾವಾಗ ಎಂದು ಎರಡು ಮಾತಿನಲ್ಲಿ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಮದ್ಯವ್ಯಸನದಿಂದ ಬರುವ ಮನೋಸ್ಥಿತಿಗಳೂ ಬರುತ್ತವೆ, ಚಿಕಿತ್ಸೆಯ ವಿವರ ಗುಟ್ಟಾಗಿರುವುದು ಅದರಡಿ ರೋಗಿಯ ಹಕ್ಕು. ಡಾಕ್ಟರಿಗೆ ಹೇಳಿದ್ದು ಮಸೀದಿಯ ಅಂಗಳಕ್ಕೆ ಬಂದೀತೆಂದು ಹೆದರಬೇಡಿ.

ನಾಲ್ಕು ಪ್ರಶ್ನೆಗಳು

ಅನುಮಾನ ಇದ್ದಾಗ ವೈದ್ಯರು ಕೇಳುವ ಚಿಕ್ಕ ಪ್ರಶ್ನಾವಳಿಯೊಂದಿದೆ. ಕೇಜ್ ಎಂದು ಅದರ ಹೆಸರು. ಕುಡಿತ ಕಡಿಮೆ ಮಾಡಬೇಕು ಎಂದು ನಿಮಗೇ ಅನಿಸಿದೆಯೇ? ಯಾರಾದರೂ ಅದರ ಬಗ್ಗೆ ಮಾತೆತ್ತಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ತಪ್ಪಿತಸ್ಥ ಭಾವನೆ ಕಾಡಿದೆಯೇ? ನಡುಕ, ತಲೆನೋವು ಕಳೆಯಲು ಬೆಳಿಗ್ಗೆ ಎದ್ದೊಡನೆ ಕುಡಿದದ್ದುಂಟೇ? ಎರಡಕ್ಕೆ ಹೌದು ಎಂದರೆ ವೈದ್ಯರನ್ನು ಕಾಣಬೇಕು ಎಂಬುದು ಸಾಮಾನ್ಯ ಲೆಕ್ಕ.

ನಮ್ಮವರ ಮಟ್ಟಿಗೆ ಮೂರನೆಯ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬಾರದು ಎಂಬುದು ನನ್ನ ಅಭಿಪ್ರಾಯ. ಹರಾಮ್ ಎಂದು ಬಲ್ಲವನು ಒಂದೇ ಒಂದು ಗುಟುಕು ಕುಡಿದರೂ ಅಪರಾಧಿ ಭಾವ ಇದ್ದೇ ಇರುತ್ತದೆ. ಅದರಿಂದ ವ್ಯಸನ ಅಳೆಯಲಾಗದು. ನಾಲ್ಕನೆಯದೊಂದಕ್ಕೇ ಹೌದು ಎಂದರೂ ತಡ ಮಾಡಬೇಡಿ.

ಕೇಳುವುದಕ್ಕೂ ಒಂದು ಹೊತ್ತಿದೆ. ಕುಡಿದು ಬಂದ ರಾತ್ರಿ ಬಾಗಿಲಲ್ಲೇ ಪಂಚಾಯಿತಿ ಬೇಡ. ಮರುದಿನ ತಿಳಿಯಾಗಿರುವಾಗ ಒಬ್ಬರೇ, ಅಮ್ಮನೋ ಅಕ್ಕನೋ ಅವನು ಮಾತಿಗೆ ಬೆಲೆ ಕೊಡುವ ಮಾಮನೋ, ಕಂಡದ್ದನ್ನಷ್ಟೇ ಹೇಳಲಿ: 'ಮೂರು ದಿನದಿಂದ ಬೆಳಿಗ್ಗೆ ಕೈ ನಡುಗುತ್ತಿದೆ ಕಣಪ್ಪ, ಮೊನ್ನೆ ಮಗುವಿನ ಫೀಸಿನ ಹಣ ಇರಲಿಲ್ಲ. ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬರೋಣ, ನಾನೂ ಬರುತ್ತೇನೆ.' ಕುರ್‌ಆನ್ ಮುಟ್ಟಿಸಿ, ಮಕ್ಕಳ ತಲೆಯ ಮೇಲೆ ಕೈ ಇರಿಸಿ ಆಣೆ ಹಾಕಿಸುವುದನ್ನು ಬಿಟ್ಟುಬಿಡಿ. ವ್ಯಸನಕ್ಕೆ ಸಿಕ್ಕವನು ಆ ಹೊತ್ತಿಗೆ ಮನಸಾರೆ ಆಣೆ ಮಾಡುತ್ತಾನೆ. ಹನ್ನೆರಡು ಗಂಟೆಯ ನಂತರ ಮೈ ಬೇರೆ ಮಾತಾಡುತ್ತದೆ. ಆಣೆ ಮುರಿದ ಮೇಲೆ 'ನಾನು ಹೇಗೂ ಕೆಟ್ಟವನೇ' ಎಂದು ಇನ್ನೂ ಕುಡಿಯುತ್ತಾನೆ.

ಕೆಲವು ಲಕ್ಷಣಗಳಿಗೆ ಪ್ರಶ್ನೆ, ಸಮಾಲೋಚನೆ ಯಾವುದೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು: ರಕ್ತವಾಂತಿ, ಟಾರಿನಂತೆ ಕಪ್ಪು ಮಲ, ಕಣ್ಣು ಹಳದಿ, ಹೊಟ್ಟೆ ಊತ, ಫಿಟ್ಸ್, ಮಾತು ಅಸಂಬದ್ಧವಾಗುವುದು. ಇವು ಬರುವವರೆಗೂ ಯಕೃತ್ತು ದೂರು ಹೇಳದೆ ವರ್ಷಗಟ್ಟಲೆ ಸಹಿಸಿಕೊಂಡಿರಬಹುದು. ಲಿವರ್ ಪರೀಕ್ಷೆ ನಾರ್ಮಲ್ ಬಂತೆಂದರೆ ವ್ಯಸನ ಇಲ್ಲ ಎಂದರ್ಥವಲ್ಲ.

ಗುಟ್ಟಾಗಿ ಬೆರೆಸುವ ಮಾತ್ರೆ

'ಅವರಿಗೇ ಗೊತ್ತಾಗದಂತೆ ಚಹಾದಲ್ಲಿ ಬೆರೆಸಿ ಕೊಡಿ, ಒಂದೇ ವಾರದಲ್ಲಿ ಬಿಡುತ್ತಾರೆ' ಎಂದು ಪುಡಿ, ಮಾತ್ರೆ ಮಾರುವವರಿದ್ದಾರೆ. ಇಂಥವುಗಳಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇರಬಹುದು. ಅದು ದೇಹದಲ್ಲಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಯೇ ವೈದ್ಯರು ಅದನ್ನು ಕೊಡುತ್ತಾರೆ. ಹೆಂಡತಿ ಒಳ್ಳೆಯದನ್ನೇ ಬಯಸಿ ಬೆರೆಸಿದರೂ ಫಲ ಬೇರೆಯಾಗುವುದಿಲ್ಲ. ಹಾಗೆಯೇ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದೂ ಬೇಡ. ಸರಪಳಿ ಹಾಕುವ, ಹೊಡೆಯುವ 'ಕೇಂದ್ರ'ಗಳ ಹೊಸ್ತಿಲನ್ನೂ ತುಳಿಯಬೇಡಿ. ಸರಪಳಿ ಹಾಕುವುದನ್ನು ಅದೇ 2017ರ ಕಾಯ್ದೆ ನಿಷೇಧಿಸಿದೆ.

ಸರಿಯಾದ ಚಿಕಿತ್ಸೆ ಇದಕ್ಕಿಂತ ಸರಳ. ಮೊದಲ ಐದಾರು ದಿನ ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಕೊಡುತ್ತಾರೆ. ಜೊತೆಗೆ ಬಿ1 ಜೀವಸತ್ವ. ದೀರ್ಘಕಾಲ ಕುಡಿದವರಲ್ಲಿ ಅದು ತೀರಾ ಕಡಿಮೆಯಾಗಿ ನಡಿಗೆ, ಕಣ್ಣಿನ ಚಲನೆ, ನೆನಪು ಕೆಡುವುದುಂಟು. ಆಮೇಲೆ ಸೆಳೆತ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳು ಮತ್ತು ಆಪ್ತಸಮಾಲೋಚನೆ ತಿಂಗಳುಗಟ್ಟಲೆ ನಡೆಯಬೇಕು. ನಡುವೆ ಒಮ್ಮೆ ಮತ್ತೆ ಕುಡಿದರೆ ತೌಬಾ ಸುಳ್ಳಾಯಿತು ಎಂದು ಮನೆಯಿಂದ ಹೊರಹಾಕಬೇಡಿ. ಬಿ.ಪಿ. ಮತ್ತೆ ಏರಿದವನನ್ನು ಏನು ಮಾಡುತ್ತೀರೋ ಅದನ್ನೇ ಮಾಡಿ, ಮತ್ತೆ ಡಾಕ್ಟರ ಬಳಿ ಕರೆದೊಯ್ಯಿರಿ.

ಜಮಾಅತಿನ ಹಿರಿಯರಿಗೂ ಒಂದು ಮಾತು. ಕುಡಿದವನ ಹೆಸರನ್ನು ಸಭೆಯಲ್ಲಿ ಎತ್ತುವುದು, ಆ ಮನೆಯ ನಿಕಾಹ್‌ಗೆ ಹೋಗದಿರುವುದು ಇವುಗಳಿಂದ ಕುಡಿತ ಬಿಟ್ಟವರನ್ನು ನಾನು ಕಂಡಿಲ್ಲ. ಆಸ್ಪತ್ರೆಗೆ ಹೋಗಲು ಹೆದರಿ ಅಡಗಿ ಕುಳಿತವರನ್ನು ಕಂಡಿದ್ದೇನೆ. ಕುಡಿದು ಶಿಕ್ಷೆಗೊಳಗಾದ ಒಬ್ಬನನ್ನು ಜನ ಶಪಿಸಿದಾಗ ಪ್ರವಾದಿ(ಸ) ಅವರನ್ನು ತಡೆದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ರಮಝಾನಿಗೆ ಮುಂಚಿನ ಒಂದು ಜುಮುಆದಲ್ಲಿ, 'ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸುವ ಮೊದಲು ವೈದ್ಯರನ್ನು ಕಾಣಿ' ಎಂದು ಯಾರ ಹೆಸರನ್ನೂ ಹೇಳದೆ ಖತೀಬರು ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಹೋಗುವುದು ಎಲ್ಲಿಗೆ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಕಡೆ ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಯೋಜನೆಯನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು; ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ಒ.ಪಿ.ಡಿ.ಯಲ್ಲಿ ವಿಚಾರಿಸಿ. ದಾಖಲಾಗಬೇಕಾದರೆ ಮಂಡ್ಯದ ಮಿಮ್ಸ್ ಆಸ್ಪತ್ರೆ ಇದೆ. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ, ಶ್ರೀರಂಗಪಟ್ಟಣ ಮತ್ತು ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಊರಿನ ಆಸ್ಪತ್ರೆಯಲ್ಲಿ ಪರಿಚಯದವರು ನೋಡುತ್ತಾರೆ ಎಂಬ ಅಳುಕಿದ್ದರೆ ಮೊದಲು ಫೋನಿನಲ್ಲೇ ಕೇಳಬಹುದು: ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ವ್ಯಸನಮುಕ್ತಿಗೆ ಮೀಸಲಾದ ರಾಷ್ಟ್ರೀಯ ಸಹಾಯವಾಣಿ 14446.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದ ದಿನ ಮತ್ತು ಹೊತ್ತು, ಹಿಂದೆ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೇ, ಈಗ ನುಂಗುತ್ತಿರುವ ಬೇರೆ ಮಾತ್ರೆಗಳು ಯಾವುವು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಆ ಚೀಟಿಯನ್ನೇ ವೈದ್ಯರ ಕೈಗೆ ಕೊಟ್ಟರೂ ಸಾಕು.